ಶ್ವಾಸರೋಗಗಳ ಬೀಜವಿಚಾರ : ಕನ್ನಡ ಪರಿಭಾಷೆಯ ಪರಾಮರ್ಶೆ

ಶ್ವಾಸಮಾರ್ಗದ ವ್ಯಾಧಿಗಳನ್ನು ಕುರಿತು ಕಳೆದ ಅರುವತ್ತು ವರ್ಷಗಳಲ್ಲಿ ನಡೆದಿರುವ ಆಣ್ವಿಕ ಶೋಧನೆಗಳೂ ಬೀಜಸಂಬಂಧವಾದ ಶೋಧನೆಗಳೂ ಈಗ ಕನ್ನಡ ಬರಹಗಳಲ್ಲಿ ಪ್ರಸ್ತಾಪಕ್ಕೆ ಬರುತ್ತಿರುವುವು. ವಿಷಯವು ಗಹನವಾದುದು, ಬರೆಯುವವರ ಶ್ರಮವು ಶ್ಲಾಘ್ಯವಾದುದು. ಆದರೆ ಈ ಬರಹಗಳಲ್ಲಿ ಎರಡು ವಾಡಿಕೆಗಳು ಬೇರುಬಿಡುತ್ತಿರುವುವು. ಹೊಸ ಶಾಸ್ತ್ರದ ಪ್ರತಿಯೊಂದು ಪದಾರ್ಥಕ್ಕೂ ಚರಕಸುಶ್ರುತರಲ್ಲಿ ಒಂದು ಪದವನ್ನು ಹುಡುಕಿ ‘ಅದೇ ಇದು’ ಎಂದು ಸಾರುವುದು ಮೊದಲನೆಯದು. ಜೀನುಗಳಿಗೆ ಸಂಬಂಧಪಟ್ಟುದೆಲ್ಲವನ್ನೂ ‘ಆನುವಂಶಿಕ’ ಎಂಬ ಒಂದೇ ಶಬ್ದದಿಂದ ವ್ಯವಹರಿಸುವುದು ಎರಡನೆಯದು. ಮೊದಲನೆಯದು ನಮ್ಮ ಪಂಡಿತವರ್ಗದ ದೋಷ; ಎರಡನೆಯದು ವೈದ್ಯವರ್ಗದ್ದು. ಮೊದಲನೆಯದರಿಂದ ಕೆಡುವುದು ಶಾಸ್ತ್ರಾರ್ಥ ಮಾತ್ರ. ಎರಡನೆಯದರಿಂದ ರೋಗಿಯೇ ಕೆಡಬಹುದು. ಆದುದರಿಂದ ಎರಡನ್ನೂ ಕ್ರಮವಾಗಿ ಪರಿಶೀಲಿಸಿ, ಎರಡನೆಯದರಲ್ಲಿ ಹೆಚ್ಚು ಹೊತ್ತು ನಿಲ್ಲಬೇಕೆಂದಿದ್ದೇನೆ.

ರೋಗನಾಮದಿಂದಲೇ ಆರಂಭಿಸೋಣ. ‘ಬ್ರಾಂಕೈಟಿಸ್’ ಎಂಬ ಹೆಸರು ವೈದ್ಯಶಾಸ್ತ್ರದಲ್ಲಿ ರೂಢಿಗೆ ಬಂದುದು ಚಾರ್ಲ್ಸ್ ಬ್ಯಾಡಮ್ ಎಂಬ ಆಂಗ್ಲವೈದ್ಯನು ೧೮೦೮ರಲ್ಲಿ ಪ್ರಕಟಿಸಿದ ಗ್ರಂಥದಿಂದ. ಶ್ವಾಸನಾಳಿಕೆಗಳ ಒಳಪೊರೆಯ ಉರಿಯೂತವೆಂಬುದು ಅದರ ಅರ್ಥ. ಅದರ ದೀರ್ಘಕಾಲೀನ ಪ್ರಭೇದಕ್ಕೆ ಈಗ ವ್ಯವಹಾರದಲ್ಲಿರುವ ಲಕ್ಷಣವು ಬಹಳ ಸರಳವಾದುದು: ಬೇರೆ ಕಾರಣವಿಲ್ಲದೆ, ಒಂದಾದ ಮೇಲೊಂದರಂತೆ ಎರಡು ವರ್ಷ, ವರ್ಷಕ್ಕೆ ಮೂರು ತಿಂಗಳಾದರೂ, ಕಫಸಹಿತವಾದ ಕೆಮ್ಮು ಇದ್ದರೆ ಅದು ದೀರ್ಘ ಬ್ರಾಂಕೈಟಿಸ್. ಇದನ್ನು ‘ಕಾಸ’ ಎಂದು ಅನುವಾದಿಸುವುದು ಸಾಮಾನ್ಯವಾಗಿದೆ. ತಾರ್ಕಿಕರ ಒರೆಗಲ್ಲಿಗೆ ಹಚ್ಚಿ ನೋಡಿದರೆ ಈ ಅನುವಾದದಲ್ಲಿ ಅತಿವ್ಯಾಪ್ತಿ ಅವ್ಯಾಪ್ತಿಗಳೆರಡೂ ಇರುವುವು. ಚರಕನು ಕಾಸವನ್ನು ವಾತಜ, ಪಿತ್ತಜ, ಕಫಜ, ಕ್ಷತಜ, ಕ್ಷಯಜ ಎಂದು ಐದಾಗಿ ವಿಭಾಗಿಸಿರುವನು. ಇವುಗಳಲ್ಲಿ ಕಡೆಯ ಎರಡು ಪ್ರಭೇದಗಳು ಎದೆಯ ಗಾಯವನ್ನೂ ಧಾತುಕ್ಷಯವನ್ನೂ ಮುಂದಿಟ್ಟುಕೊಂಡು ಹೇಳಿದುವು. ಅವು ಬ್ರಾಂಕೈಟಿಸ್ಸಿನ ಆಚೆಗೆ ಹೋಗುವುವು. ಇದು ಅತಿವ್ಯಾಪ್ತಿ. ಇನ್ನು ಅದೇ ರೋಗವು ಬೆಳೆದು ಉಸಿರು ಸಾಲದ ಸ್ಥಿತಿಗೆ ಬಂದಾಗ ಅದು ಚರಕನ ಗಣನೆಯಲ್ಲಿ ಕಾಸವಾಗಿ ಉಳಿಯದೆ ಶ್ವಾಸವಾಗುವುದು. ಇದು ಅವ್ಯಾಪ್ತಿ.

ಶ್ವಾಸದ ಐದು ಭೇದಗಳಲ್ಲಿ, ಎಂದರೆ ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರಗಳಲ್ಲಿ, ತಮಕವನ್ನು ಎಲ್ಲರೂ ಎತ್ತಿಕೊಳ್ಳುವರು. ಅದು ಸಹಜವೇ. ಮಲಗಿದರೆ ಹೆಚ್ಚುವುದು, ಕುಳಿತರೆ ಕಡಿಮೆಯಾಗುವುದು, ಮೋಡ ಮುಸುಕಿದಾಗಲೂ ಶೀತದಲ್ಲಿಯೂ ಮೂಡಣ ಗಾಳಿಯಲ್ಲಿಯೂ ಕೆರಳುವುದು, ಕಫ ಹೊರಬಿದ್ದೊಡನೆ ಗಳಿಗೆಹೊತ್ತು ಸುಖವೆನಿಸುವುದು ಎಂಬ ವರ್ಣನೆಯನ್ನು ಓದಿದ ಯಾರಿಗಾದರೂ ಆಸ್ತಮಾ ರೋಗಿಯ ಚಿತ್ರವು ಕಣ್ಣಿಗೆ ಕಟ್ಟುವುದು. ಹೊಸದಾಗಿದ್ದರೆ ಸಾಧ್ಯ, ಇಲ್ಲವಾದರೆ ಯಾಪ್ಯ ಎಂಬ ಸಾಧ್ಯಾಸಾಧ್ಯವಿಚಾರವೂ ಅನುಭವಕ್ಕೆ ಹತ್ತಿರವಾಗಿದೆ. ಆದರೆ ಇದೇ ತಮಕವನ್ನು ಸಿ.ಓ.ಪಿ.ಡಿ. ಎಂದು ಸಂಕ್ಷೇಪವಾಗಿ ಕರೆಯಲ್ಪಡುವ ದೀರ್ಘ ಶ್ವಾಸಮಾರ್ಗಾವರೋಧಕ್ಕೂ ಅನ್ವಯಿಸುವವರು ಇರುವರು. ಆಸ್ತಮಾದಲ್ಲಿ ನಾಳಿಕೆಗಳ ಸಂಕೋಚವು ಬಹುಮಟ್ಟಿಗೆ ಮರಳಿ ಬಿಡಿಸಿಕೊಳ್ಳುವಂಥದು, ಸಿ.ಓ.ಪಿ.ಡಿ.ಯಲ್ಲಿ ಹಾಗಲ್ಲ. ಒಂದೇ ಪದದಿಂದ ಎರಡನ್ನೂ ಹೇಳಿದರೆ ಯಾವುದು ಬಿಡುವುದು, ಯಾವುದು ಬಿಡದು ಎಂಬ ವಿವೇಕವೇ ಲೋಪವಾಗುವುದು.

ಪುಪ್ಪುಸ, ಪ್ರಾಣವಹಸ್ರೋತಸ್ಸು ಎಂಬ ಪದಗಳ ವಿಷಯದಲ್ಲಿಯೂ ಇದೇ ಗೊಂದಲ. ಸುಶ್ರುತನು ಹೃದಯದ ಎಡಗಡೆಯಲ್ಲಿ ಪ್ಲೀಹ ಪುಪ್ಪುಸಗಳನ್ನೂ, ಬಲಗಡೆಯಲ್ಲಿ ಯಕೃತ್ ಕ್ಲೋಮಗಳನ್ನೂ ಹೇಳಿರುವನು. ಆ ಪುಪ್ಪುಸವು ಒಂದೇ ಪಕ್ಕದ್ದು. ಇಂದಿನ ಶ್ವಾಸಕೋಶಗಳು ಎರಡು. ಪ್ರಾಣವಹಸ್ರೋತಸ್ಸುಗಳ ಮೂಲವು ಚರಕನಲ್ಲಿ ಹೃದಯ ಮತ್ತು ಮಹಾಸ್ರೋತಸ್ಸು, ಸುಶ್ರುತನಲ್ಲಿ ಹೃದಯ ಮತ್ತು ರಸವಾಹಿನಿಗಳಾದ ಧಮನಿಗಳು. ಇವು ಕವಲೊಡೆದ ಶ್ವಾಸನಾಳಿಕಾವೃಕ್ಷವೇ ಎಂದು ಹೇಳಬೇಕಾದರೆ ಇಬ್ಬರು ಆಚಾರ್ಯರನ್ನೂ ಬಲವಂತಪಡಿಸಬೇಕಾಗುವುದು. ಪದವನ್ನು ಕಡ ತರುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಪುಪ್ಪುಸ ಶಬ್ದವು ಕನ್ನಡದಲ್ಲಿ ಈಗ ರೂಢವಾಗಿಯೇ ಇದೆ. ಪದದೊಡನೆ ಸಿದ್ಧಾಂತವನ್ನೂ ಕಡ ತಂದೆವೆಂದು ತಿಳಿಯುವುದು ಮಾತ್ರ ತಪ್ಪು.

ಪ್ರಕೃತಕ್ಕೆ ಮುಖ್ಯವಾದುದು ಬೀಜಶಬ್ದ. ಚರಕನ ಶಾರೀರಸ್ಥಾನದಲ್ಲಿ ಬೀಜ, ಬೀಜಭಾಗ, ಬೀಜಭಾಗಾವಯವ ಎಂಬ ಮೂರು ಮೆಟ್ಟಿಲುಗಳಿವೆ. ಇವನ್ನು ಅನುಕ್ರಮವಾಗಿ ಬೀಜಕೋಶ, ವರ್ಣತಂತು, ಜೀನು ಎಂದು ಹೊಂದಿಸಿಬಿಡುವುದು ಈಗ ಪಾಠಶಾಲೆಗಳಲ್ಲಿಯೂ ಸಭೆಗಳಲ್ಲಿಯೂ ವಾಡಿಕೆಯಾಗಿದೆ. ಪ್ರಕರಣವನ್ನು ಬಿಡದೆ ಓದಿದವರಿಗೆ ಇದು ಒಪ್ಪಿಗೆಯಾಗಲಾರದು. ಬೀಜದಲ್ಲಿ ಯಾವ ಯಾವ ಅಂಗಕ್ಕೆ ಸಂಬಂಧಪಟ್ಟ ಭಾಗವು ಉಪತಪ್ತವಾಗುವುದೋ ಆಯಾ ಅಂಗದಲ್ಲಿ ಸಂತಾನಕ್ಕೆ ವಿಕೃತಿಯುಂಟಾಗುವುದೆಂಬುದು ಅಲ್ಲಿನ ಅಭಿಪ್ರಾಯ. ಎಂದರೆ ಬೀಜದಲ್ಲಿ ಕಣ್ಣಿಗೊಂದು ಪಾಲು, ಕಾಲಿಗೊಂದು ಪಾಲು ಇರುವುದೆಂದು ಭಾವನೆ. ಜೀನಿನ ಸ್ವಭಾವವು ಹೀಗಿಲ್ಲ. ಅದು ಅಂಗದ ಪಾಲಲ್ಲ, ಒಂದು ಪ್ರೋಟೀನನ್ನು ಕಟ್ಟುವ ವಿಧಿವಾಕ್ಯ. ಒಂದೇ ವಾಕ್ಯವು ಹಲವು ಅಂಗಗಳಲ್ಲಿ ವಿನಿಯೋಗವಾಗಬಹುದು. ಆದರೆ ಅದೇ ಪ್ರಕರಣದಲ್ಲಿ ಚರಕನು ಮಾಡಿರುವ ಒಂದು ವಿವೇಚನೆಯು ಮಾತ್ರ ಬಹಳ ಬೆಲೆಯುಳ್ಳದ್ದು. ಕುರುಡನ ಮಗನು ಕುರುಡನಾಗಿಯೇ ಏಕೆ ಹುಟ್ಟುವುದಿಲ್ಲವೆಂಬ ಆಕ್ಷೇಪಕ್ಕೆ, ತಂದೆಯ ಅಂಗವಿಕಲತೆಯು ತಾನಾಗಿ ಮಗನಿಗೆ ಇಳಿಯದು, ಬೀಜವು ಕೆಟ್ಟಿದ್ದರೆ ಮಾತ್ರ ಇಳಿಯುವುದು ಎಂದು ಅವನು ಸಮಾಧಾನ ಹೇಳಿರುವನು. ‘ಅದೇ ಇದು’ ಎನ್ನುವ ಉತ್ಸಾಹದಲ್ಲಿ ನಮ್ಮವರು ಈ ವಿವೇಚನೆಯನ್ನು ಬಿಟ್ಟು, ಬರಿಯ ಪದತ್ರಯವನ್ನು ಹಿಡಿದುಕೊಂಡಿರುವರು. ಇನ್ನೊಂದು ಮಾತು: ಸುಶ್ರುತನು ಆದಿಬಲಪ್ರವೃತ್ತ ವ್ಯಾಧಿಗಳಿಗೆ ಕುಷ್ಠ ಅರ್ಶಸ್ಸುಗಳನ್ನು ಉದಾಹರಿಸಿರುವನೇ ಹೊರತು ಅಲ್ಲಿ ಶ್ವಾಸವನ್ನು ಹೆಸರಿಸಿಲ್ಲ. ಶ್ವಾಸಕ್ಕೆ ಚರಕನು ಮೊದಲಾಗಿ ಎಣಿಸುವ ನಿದಾನಗಳಲ್ಲಿ ಧೂಳು, ಹೊಗೆ, ಗಾಳಿ, ಶೀತಸ್ಥಾನ, ಶೀತಜಲಗಳು ಸೇರಿರುವುವು. ಧೂಳು ಮತ್ತು ಹೊಗೆ ಎಂಬ ಈ ಎರಡು ಪದಗಳನ್ನು ವಾಚಕರು ನೆನಪಿನಲ್ಲಿಡಬೇಕು.

ಇನ್ನು ಹೊಸ ಶೋಧನೆಗಳ ಕಡೆಗೆ ತಿರುಗೋಣ. ಶ್ವಾಸರೋಗವು ನಿಜವಾಗಿಯೂ ವಂಶದಲ್ಲಿ ಇಳಿದು ಬರುವುದುಂಟೆಂಬುದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನವು ೧೯೬೩ರಲ್ಲಿ ಸ್ವೀಡನ್ ದೇಶದ ಮಾಲ್ಮೊ ಪಟ್ಟಣದಲ್ಲಿ ದೊರೆಯಿತು. ಲಾರೆಲ್ ಮತ್ತು ಎರಿಕ್‌ಸನ್ ಎಂಬ ಇಬ್ಬರು ಸುಮಾರು ೧,೫೦೦ ಮಂದಿಯ ರಕ್ತರಸವನ್ನು ವಿದ್ಯುತ್ಪ್ರವಾಹದಿಂದ ಪಟ್ಟೆಪಟ್ಟೆಯಾಗಿ ಬಿಡಿಸಿ ನೋಡುತ್ತಿದ್ದಾಗ ಐವರಲ್ಲಿ ಒಂದು ಪಟ್ಟೆಯೇ ಇರಲಿಲ್ಲ. ಆ ಐವರಲ್ಲಿ ಮೂವರಿಗೆ ಶ್ವಾಸಕೋಶದ ಗಾಳಿಗೂಡುಗಳು ಹರಿದು ಹಿಗ್ಗುವ ಎಂಫಿಸೀಮಾ ರೋಗವಿದ್ದಿತು. ಇಲ್ಲದಿದ್ದ ವಸ್ತುವು ಆಲ್ಫಾ-೧ ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನು. ರಕ್ತದ ಬಿಳಿಯ ಕಣಗಳು ರೋಗಾಣುಗಳೊಡನೆ ಹೋರಾಡುವಾಗ ಎಲಾಸ್ಟೇಸ್ ಎಂಬ ಪಾಚಕದ್ರವ್ಯವನ್ನು ಸುರಿಸುವುವು; ಅದು ಶ್ವಾಸಕೋಶದ ಸ್ಥಿತಿಸ್ಥಾಪಕ ತಂತುಗಳನ್ನು ತಿಂದುಹಾಕದಂತೆ ಕಾಯುವುದು ಈ ಪ್ರೋಟೀನಿನ ಕೆಲಸ. ಇದರ ಅತಿ ತೀವ್ರವಾದ ಊನತೆಯಲ್ಲಿ ಪ್ರೋಟೀನಿನ ೩೪೨ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲವಿರಬೇಕಾದಲ್ಲಿ ಲೈಸೀನು ಬಂದಿರುವುದು. ಅಷ್ಟರಿಂದಲೇ ಅದು ತಪ್ಪಾಗಿ ಮಡಚಿಕೊಂಡು, ಹುಟ್ಟಿದ ಯಕೃತ್ತಿನಲ್ಲಿಯೇ ಗಂಟುಕಟ್ಟಿ ನಿಂತುಬಿಡುವುದು.

ಓಲೆಯ ಪ್ರತಿಗಳನ್ನು ಶೋಧಿಸಿದವರಿಗೆ ಇದು ಹೊಸ ವಿಷಯವಾಗಿ ತೋರದು. ಒಂದಕ್ಷರದ ಪಲ್ಲಟದಿಂದ ವಾಕ್ಯಾರ್ಥವೇ ತಲೆಕೆಳಗಾದ ಸ್ಥಳಗಳು ನಮ್ಮ ಪ್ರತಿಗಳಲ್ಲಿ ಎಷ್ಟಿಲ್ಲ? ಹಾಗೆಯೇ ಎಷ್ಟೋ ಪಾಠಾಂತರಗಳಿಂದ ಅರ್ಥಕ್ಕೆ ಯಾವ ಹಾನಿಯೂ ಇಲ್ಲ. ಜೀನಿನಲ್ಲಿ ಮನುಷ್ಯರಿಂದ ಮನುಷ್ಯರಿಗೆ ಕಾಣುವ ಅಕ್ಷರಭೇದಗಳನ್ನು ಒಟ್ಟಾಗಿ ‘ವಿಕೃತಿ’ ಅಥವಾ ‘ದೋಷ’ ಎಂದು ಕರೆಯುವ ಬರಹಗಳನ್ನು ಓದಿದಾಗ, ‘ಪಾಠಾಂತರ’ ಎಂಬ ಶಬ್ದವು ನಮ್ಮಲ್ಲಿ ಸಿದ್ಧವಾಗಿರುವಾಗ ಈ ನಿಂದಾಪದವೇಕೆಂದು ಅನಿಸುವುದು. ಅರ್ಥಹಾನಿಯಿದ್ದಲ್ಲಿ ಮಾತ್ರ ‘ಅಪಪಾಠ’ವೆಂದರೆ ಸಾಕು.

ಸಿಸ್ಟಿಕ್ ಫೈಬ್ರೋಸಿಸ್ ಎಂಬ ಶೈಶವದ ಕಠಿನರೋಗವು ಅಕ್ಷರಲೋಪಕ್ಕೆ ಉದಾಹರಣೆ. ಅದಕ್ಕೆ ಕಾರಣವಾದ ಸಿ.ಎಫ್.ಟಿ.ಆರ್. ಎಂಬ ಜೀನನ್ನು ಏಳನೆಯ ವರ್ಣತಂತುವಿನಲ್ಲಿ ೧೯೮೯ರಲ್ಲಿ ಗುರುತಿಸಿದರು. ೧,೪೮೦ ಅಮೈನೋ ಆಮ್ಲಗಳ ಸರಪಳಿಯಲ್ಲಿ ೫೦೮ನೆಯದೊಂದು ಬಿಟ್ಟುಹೋಗಿರುವುದು ಐರೋಪ್ಯರಲ್ಲಿ ಅತಿ ಸಾಮಾನ್ಯವಾದ ಅಪಪಾಠ. ಲವಣವು ಜೀವಕೋಶದಿಂದ ಹೊರಹೋಗುವ ಬಾಗಿಲು ಇದರಿಂದ ಕೆಟ್ಟು, ಶ್ವಾಸನಾಳಿಕೆಗಳ ಲೋಳೆಯು ನೀರಿಲ್ಲದೆ ಅಂಟಾಗುವುದು. ಮೇದೋಜೀರಕಾಂಗವೂ ಬೆವರಿನ ಗ್ರಂಥಿಯೂ ಕೆಡುವುವು. ಒಂದೇ ಜೀನು ಬೇರೆ ಬೇರೆ ಅಂಗಗಳಲ್ಲಿ ವಿನಿಯೋಗವಾಗುವುದೆಂದು ಮೇಲೆ ಹೇಳಿದುದಕ್ಕೆ ಇದೇ ಸಾಕ್ಷಿ. ಈ ಅಪಪಾಠವನ್ನು ಅರಿತುದರ ಫಲವೂ ದೊರೆಯದೆ ಹೋಗಲಿಲ್ಲ: ಕೆಟ್ಟ ಬಾಗಿಲನ್ನು ತೆರೆಯಿಸುವ ಮೊದಲ ಔಷಧವು ೨೦೧೨ರಲ್ಲಿಯೂ, ಮೂರು ದ್ರವ್ಯಗಳ ಯೋಗವು ೨೦೧೯ರಲ್ಲಿಯೂ ಬಳಕೆಗೆ ಬಂದುವು. ಭಾರತೀಯ ರೋಗಿಗಳಲ್ಲಿ ಆ ೫೦೮ನೆಯ ಲೋಪದ ಪ್ರಮಾಣವು ಐರೋಪ್ಯರಿಗಿಂತ ಕಡಿಮೆ; ಆದುದರಿಂದ ಅವರ ಪ್ರತಿಯನ್ನು ಮುಂದಿಟ್ಟುಕೊಂಡು ಮಾಡಿದ ಪರೀಕ್ಷೆಯು ನಮ್ಮಲ್ಲಿ ಹಲವು ಅಪಪಾಠಗಳನ್ನು ಕಾಣದೆ ಬಿಡುವುದು.

ತಾಯಿತಂದೆಗಳಿಬ್ಬರ ಪ್ರತಿಗಳೂ ಕೆಟ್ಟಿದ್ದಾಗ ಮಾತ್ರ ಪ್ರಕಟವಾಗುವ ಇಂಥ ರೋಗಗಳಿಗೂ ಸೋದರಿಕೆಯ ವಿವಾಹಕ್ಕೂ ಇರುವ ಸಂಬಂಧವನ್ನು ಕರ್ನಾಟಕದಲ್ಲಿಯೇ ಪರಿಶೀಲಿಸಿರುವರು. ಆ ಕುರಿತ ಒಂದು ಮುಖ್ಯ ಲೇಖನವು ೧೯೮೭ರಲ್ಲಿ ಪ್ರಕಟವಾಯಿತು. ಅಕ್ಕನ ಮಗಳನ್ನೂ ಸೋದರಮಾವನ ಮಗಳನ್ನೂ ತರುವ ಪದ್ಧತಿಯು ನಮ್ಮ ಬಳ್ಳಾರಿ ಸೀಮೆಯಲ್ಲಿ ಇನ್ನೂ ನಿಂತಿಲ್ಲ. ಶ್ವಾಸನಾಳಿಕೆಗಳ ಸೂಕ್ಷ್ಮರೋಮಗಳು ಅಲುಗಾಡದೆ ಕಫವು ನಿಂತುಹೋಗುವ ರೋಗವೂ ಈ ಜಾತಿಯದೇ. ಕಾರ್ಟಗೆನರ್ ಎಂಬುವನು ೧೯೩೩ರಲ್ಲಿ ಅಂಗಗಳ ಎಡಬಲಪಲ್ಲಟದೊಡನೆ ಅದನ್ನು ವರ್ಣಿಸಿದನು; ರೋಮಗಳ ಒಳರಚನೆಯಲ್ಲಿಯೇ ಲೋಪವಿರುವುದನ್ನು ೧೯೭೬ರಲ್ಲಿ ಆಫ್ಜೆಲಿಯಸ್ ತೋರಿಸಿದನು. ಇವು ಮೂರಕ್ಕೂ ‘ಆನುವಂಶಿಕ’ವೆಂಬ ಮಾತು ಸಲ್ಲುವುದು. ಇದರಲ್ಲಿ ವಿವಾದವಿಲ್ಲ.

ವಿವಾದವಿರುವುದು ಮುಂದಿನದರಲ್ಲಿ. ನಮ್ಮ ನಾಡಿನಲ್ಲಿ ಕೆಮ್ಮಿ ಕೆಮ್ಮಿ ಬಾಳುವವರಲ್ಲಿ ಬಹುಪಾಲಿನವರಿಗೆ ಈ ಮೂರರಲ್ಲಿ ಒಂದೂ ಇಲ್ಲ. ಅವರದು ದೀರ್ಘ ಬ್ರಾಂಕೈಟಿಸ್ ಅಥವಾ ಸಿ.ಓ.ಪಿ.ಡಿ. ಅದರಲ್ಲಿಯೂ ಜೀನುಗಳ ಮಾತು ಬರುವುದು ಸತ್ಯ. ಆದರೆ ಬೇರೊಂದು ಅರ್ಥದಲ್ಲಿ. ಕಫಕ್ಕೆ ಜಿಗುಟನ್ನು ಕೊಡುವುದು ಮ್ಯೂಸಿನ್ ಎಂಬ ಪ್ರೋಟೀನುಗಳು. ಅವುಗಳಲ್ಲಿ ಎಂ.ಯು.ಸಿ.೫ಎಸಿ, ಎಂ.ಯು.ಸಿ.೫ಬಿ ಎಂಬೆರಡು ಮುಖ್ಯವಾದುವು. ಹೊಗೆಯು ಶ್ವಾಸನಾಳಿಕೆಯ ಒಳಪೊರೆಗೆ ತಾಕಿದಾಗ, ಅಲ್ಲಿನ ಕೋಶಗಳ ಮೇಲಿರುವ ಗ್ರಾಹಕಗಳ ಮೂಲಕ ಒಳಗೆ ಸಂದೇಶವು ಹೋಗಿ, ಮ್ಯೂಸಿನ್ನಿನ ಜೀನುಗಳು ಮಿತಿಮೀರಿ ಪಠಿಸಲ್ಪಡುವುವು. ಕಫವನ್ನು ಸುರಿಸುವ ಕೋಶಗಳ ಸಂಖ್ಯೆಯೂ ಬೆಳೆಯುವುದು. ದೀರ್ಘ ಬ್ರಾಂಕೈಟಿಸ್ ಇರುವವರ ಕಫದಲ್ಲಿ ಮ್ಯೂಸಿನ್ನಿನ ಸಾಂದ್ರತೆಯೇ ಹೆಚ್ಚಾಗಿರುವುದೆಂದು ೨೦೧೭ರಲ್ಲಿ ಅಮೆರಿಕದ ಶೋಧಕರು ಅಳೆದು ತೋರಿಸಿದರು. ಇಲ್ಲಿ ಬೀಜದ ಪಾಠವು ಕೆಟ್ಟಿಲ್ಲ, ಪಠನವು ಕೆಟ್ಟಿರುವುದು. ಗ್ರಂಥವು ಶುದ್ಧವಾಗಿಯೇ ಇದ್ದು, ಹೊಗೆಯೆಂಬ ಹೊರಗಿನ ಪ್ರೇರಕನು ಒಂದೇ ಅಧ್ಯಾಯವನ್ನು ಹಗಲಿರುಳು ಓದಿಸುತ್ತಿರುವನು. ಇದನ್ನು ‘ಆನುವಂಶಿಕ ಶೋಧನೆ’ಯೆಂದು ಕನ್ನಡಿಸಿದರೆ ಓದುಗನು ಏನು ತಿಳಿಯುವನು? ಈ ರೋಗವು ವಂಶದಿಂದ ಬಂದಿತೆಂದೇ ತಿಳಿಯುವನು. ಶೋಧಕನು ಹೇಳಿದುದು ಅದರ ವಿಪರೀತವನ್ನು.

ಇದು ಬರಿಯ ಶಬ್ದಜಗಳವಲ್ಲವೆಂಬುದಕ್ಕೆ ಕಂಡುದನ್ನು ಹೇಳುವೆನು. ಕುರುಗೋಡಿನಲ್ಲಿ ನಮ್ಮ ಪರಿಚಯದ ಮನೆಯೊಂದರ ಹಿರಿಯ ಹೆಂಗಸು ಬೀಡಿಯನ್ನು ಕೈಯಲ್ಲಿ ಮುಟ್ಟಿದವಳಲ್ಲ. ನಲುವತ್ತು ವರ್ಷ ಹತ್ತಿಕಟ್ಟಿಗೆ, ಜಾಲಿಕಟ್ಟಿಗೆ, ಕುಳ್ಳುಗಳ ಒಲೆಯ ಮುಂದೆ ಕುಳಿತವಳು. ಅವಳ ತಾಯಿಗೂ ದಮ್ಮು ಇದ್ದಿತು, ಅತ್ತೆಗೂ ಇದ್ದಿತು. ಒಲೆಯನ್ನು ಹೊರಗೆ ಹಾಕಿರೆಂದು ನಾನು ಹೇಳಿದಾಗ ಅವಳು, “ಶಾಸ್ತ್ರಿಗಳೇ, ಇದು ನಮ್ಮ ವಂಶದಾಗೇ ಐತಂತ್ರಿ, ಪೇಪರ್‌ನ್ಯಾಗ ಬಂದಿತ್ತು ಅಂತ ನಮ್ಮ ಹುಡುಗ ಓದಿ ಹೇಳ್ಯಾನ. ಒಲಿ ಏನ್ಮಾಡೀತು?” ಎಂದಳು. ತಾಯಿಗಿದ್ದುದು ಇವಳಿಗೆ ಬಂದಿತೆಂಬುದನ್ನು ವಂಶವೆಂದು ಎಣಿಸಿದರೂ ಎಣಿಸಬಹುದು. ಅತ್ತೆಗೆ ಇದ್ದುದು ಸೊಸೆಗೆ ಯಾವ ಬೀಜದಿಂದ ಬಂದಿತು? ಮೂವರಿಗೂ ಸಾಧಾರಣವಾದುದು ಅಡಿಗೆಯ ಮನೆಯ ಹೊಗೆಯೊಂದೇ. ಅನ್ವಯವ್ಯತಿರೇಕವನ್ನು ಬಲ್ಲವರಿಗೆ ಇಷ್ಟು ಸಾಕು. ಆದರೆ ‘ಆನುವಂಶಿಕ’ವೆಂಬ ಅಚ್ಚಾದ ಮಾತಿನ ಮುಂದೆ ನನ್ನ ತರ್ಕವು ಅಲ್ಲಿ ನಿಲ್ಲಲಿಲ್ಲ.

ಪೂರ್ವಪಕ್ಷಿಯು ಹೀಗೆ ಕೇಳಬಹುದು: ಸಿ.ಓ.ಪಿ.ಡಿ.ಗೂ ನಿಶ್ಚಿತವಾದ ಜೀನುಸ್ಥಾನಗಳನ್ನು ಗುರುತಿಸಿರುವರಲ್ಲ? ಹೌದು, ಗುರುತಿಸಿರುವರು. ಸಹಸ್ರಾರು ರೋಗಿಗಳ ಪ್ರತಿಗಳನ್ನೂ ಆರೋಗ್ಯವಂತರ ಪ್ರತಿಗಳನ್ನೂ ಆದ್ಯಂತವಾಗಿ ಹೋಲಿಸಿ, ೨೦೦೯ರಲ್ಲಿ ಹದಿನೈದನೆಯ ವರ್ಣತಂತುವಿನ ಒಂದು ಸ್ಥಾನವನ್ನು ಹೇಳಿದರು. ೨೦೧೯ರ ವೇಳೆಗೆ ಅಂಥ ಸ್ಥಾನಗಳ ಸಂಖ್ಯೆಯು ೮೨ಕ್ಕೆ ಏರಿತು. ಮಕ್ಕಳ ಆಸ್ತಮಾಕ್ಕೆ ಹದಿನೇಳನೆಯ ವರ್ಣತಂತುವಿನ ಸ್ಥಾನವೊಂದನ್ನು ೨೦೦೭ರಲ್ಲಿಯೇ ತೋರಿಸಿದ್ದರು. ಈ ಪಾಠಾಂತರಗಳಲ್ಲಿ ಒಂದೊಂದರ ಬಲವೂ ಬಹಳ ಅಲ್ಪ. ಸಿಸ್ಟಿಕ್ ಫೈಬ್ರೋಸಿಸ್ಸಿನ ಅಪಪಾಠದೊಡನೆ ಇವನ್ನು ಒಂದೇ ಪಂಕ್ತಿಯಲ್ಲಿ ಕೂರಿಸಲಾಗದು. ಅದಕ್ಕಿಂತಲೂ ವಿಚಾರಾರ್ಹವಾದುದು ಆ ಹದಿನೈದನೆಯ ವರ್ಣತಂತುವಿನ ಕಥೆ. ಅಲ್ಲಿರುವುದು ನಿಕೋಟಿನ್ನನ್ನು ಹಿಡಿಯುವ ಗ್ರಾಹಕಗಳ ಜೀನುಗಳು. ಆ ಪಾಠಾಂತರವುಳ್ಳವರು ತಂಬಾಕನ್ನು ಸೇದತೊಡಗಿದರೆ ಹೆಚ್ಚು ಸೇದುವರು. ಹೆಚ್ಚು ಸೇದಿದುದರಿಂದ ಶ್ವಾಸಕೋಶವು ಕೆಡುವುದು. ತರ್ಕಸಂಗ್ರಹವನ್ನು ಓದಿದ ಪ್ರತಿಯೊಬ್ಬ ಬಾಲಕನಿಗೂ ಉಪಾಧಿಯ ಉದಾಹರಣೆಯು ಗೊತ್ತಿದೆ: ಬೆಂಕಿಯಿರುವುದರಿಂದ ಹೊಗೆಯಿದೆಯೆಂದು ಅನುಮಾನಿಸಲಾಗದು, ಏಕೆಂದರೆ ಅಲ್ಲಿ ಹಸಿಸೌದೆಯ ಸಂಯೋಗವೆಂಬ ಉಪಾಧಿಯಿದೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಇಲ್ಲಿಯೂ ಪಾಠಾಂತರಕ್ಕೂ ರೋಗಕ್ಕೂ ನಡುವೆ ಧೂಮಪಾನವೆಂಬ ಉಪಾಧಿಯು ಬಹುಮಟ್ಟಿಗೆ ನಿಂತಿದೆ. ಅದನ್ನು ಕಳೆದ ಮೇಲೆ ಉಳಿಯುವ ಸ್ವತಂತ್ರಪರಿಣಾಮವೆಷ್ಟೆಂಬ ಚರ್ಚೆಯು ಶೋಧಕರಲ್ಲಿಯೇ ನಡೆದಿದೆ. ಬೀಡಿ ಸೇದದ ಕುರುಗೋಡಿನ ಹೆಂಗಸಿನಲ್ಲಿ ಆ ದಾರಿಯು ಮುಚ್ಚಿಯೇ ಹೋಗುವುದು. ತಾರ್ಕಿಕರು ದೃಷ್ಟಾಂತಕ್ಕೆಂದು ಆರಿಸಿದ ಹಸಿಸೌದೆಯೇ ಇವಳ ರೋಗದಲ್ಲಿ ಪ್ರತ್ಯಕ್ಷವಾಗಿ ಬಂದು ಕುಳಿತಿರುವುದು ಒಂದು ವಿಚಿತ್ರ.

ಆ ಸೌದೆಯ ಲೆಕ್ಕವನ್ನೂ ನಮ್ಮ ನಾಡಿನಲ್ಲಿಯೇ ಮಾಡಿರುವರು. ಮೈಸೂರು ಜಿಲ್ಲೆಯ ಗ್ರಾಮೀಣ ಸ್ತ್ರೀಯರನ್ನು ಪರೀಕ್ಷಿಸಿ ೨೦೧೩ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ದಿನಕ್ಕೆ ಒಲೆಯ ಮುಂದೆ ಕಳೆಯುವ ಗಂಟೆಗಳನ್ನು ಹಾಗೆ ಕಳೆದ ವರ್ಷಗಳಿಂದ ಗುಣಿಸಿ ಒಂದು ಸೂಚ್ಯಂಕವನ್ನು ಕಲ್ಪಿಸಿಕೊಂಡರು. ಅದು ೬೦ಕ್ಕೆ ಮುಟ್ಟಿದಲ್ಲಿಂದ ದೀರ್ಘ ಬ್ರಾಂಕೈಟಿಸ್ಸಿನ ಸಂಬಂಧವು ಸ್ಪಷ್ಟವಾಗಿ ತೋರಿಬಂದಿತು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷವಾದರೆ ೬೦ ಆಯಿತು. ಹದಿನೆಂಟಕ್ಕೆ ಒಲೆ ಹಿಡಿದವಳು ಮೂವತ್ತೆಂಟಕ್ಕೆ ಆ ಮಿತಿಯಲ್ಲಿರುವಳು. ಸಮಗ್ರ ಭಾರತದ ೨೦೧೬ರ ಗಣನೆಯೂ ಇದಕ್ಕೆ ಅನುಗುಣವಾಗಿದೆ. ಜಗತ್ತಿನ ಜನಸಂಖ್ಯೆಯಲ್ಲಿ ಶೇಕಡ ೧೮ರಷ್ಟಿರುವ ನಮ್ಮ ದೇಶಕ್ಕೆ ದೀರ್ಘ ಶ್ವಾಸರೋಗಗಳ ಹೊರೆಯಲ್ಲಿ ಶೇಕಡ ೩೨ರ ಪಾಲು ಬಂದಿತ್ತು. ಸಿ.ಓ.ಪಿ.ಡಿ.ಯ ಹೊರೆಯಲ್ಲಿ ಸುಮಾರು ಶೇಕಡ ೫೪ ಕಲುಷಿತವಾಯುವಿಗೂ, ೨೫ ತಂಬಾಕಿಗೂ, ೧೬ಕ್ಕೂ ಮೇಲೆ ಕಸುಬಿನ ಧೂಳುಹೊಗೆಗಳಿಗೂ ಸಲ್ಲುವುದೆಂದು ಎಣಿಸಿದರು. ಚರಕನ ‘ಧೂಳು, ಹೊಗೆ’ಗಳನ್ನು ನೆನಪಿನಲ್ಲಿಡಬೇಕೆಂದು ಹೇಳಿದುದು ಇದಕ್ಕಾಗಿ. ಬೀಜಭಾಗಾವಯವದ ಬದಲು ಈ ನಿದಾನವಾಕ್ಯವನ್ನು ಎತ್ತಿ ಹಿಡಿದಿದ್ದರೆ ನಮ್ಮ ಪಂಡಿತರ ಅಭಿಮಾನಕ್ಕೆ ಹೆಚ್ಚು ಗಟ್ಟಿಯಾದ ಆಧಾರವು ದೊರೆಯುತ್ತಿದ್ದಿತು.

ಬಳ್ಳಾರಿ ಸೀಮೆಗೂ ಹೊಗೆಗೂ ನಂಟು ಹಳೆಯದು. ಕುಡತಿನಿಯ ಬೂದಿದಿಬ್ಬವು ನವಶಿಲಾಯುಗದ ಗೋಪಾಲಕರು ಸಗಣಿಯ ರಾಶಿಯನ್ನು ಸುಟ್ಟುದರಿಂದಾದುದೆಂದು ಪ್ರಾಕ್ತನಶಾಸ್ತ್ರಜ್ಞರು ಸ್ಥಿರಪಡಿಸಿರುವರು. ಅದಂತಿರಲಿ. ಇಂದಿನ ಸ್ಥಿತಿಯನ್ನು ನೋಡಿದರೆ, ತುಂಗಭದ್ರೆಯ ಕಾಲುವೆಯಿಂದ ಭತ್ತದ ಸೀಮೆಯಾದ ಸಿರುಗುಪ್ಪದಲ್ಲಿ ಅಕ್ಕಿಯ ಗಿರಣಿಗಳಿವೆ; ಉಮಿಯನ್ನು ಉರಿಸಿದ ಬೂದಿಯಲ್ಲಿ ಬಹುಪಾಲು ಸಿಲಿಕ. ಬಳ್ಳಾರಿಯಲ್ಲಿ ಹತ್ತಿಯನ್ನು ಬಿಡಿಸುವ ಕಾರ್ಖಾನೆಗಳಿವೆ. ಸಂಡೂರಿನ ಕಡೆ ಕಬ್ಬಿಣದ ಅದಿರಿನ ಕೆಂಧೂಳಿದೆ. ಊರ ಹೆಸರನ್ನೇ ಹೊತ್ತ ಬಳ್ಳಾರಿಜಾಲಿಯು ಅಮೆರಿಕ ಖ್ಯಾಪದಿಂದ ಬಂದ ಗಿಡ. ಅದರ ಪರಾಗವು ಆಸ್ತಮಾವನ್ನು ಕೆರಳಿಸುವುದು, ಅದರ ಕಟ್ಟಿಗೆಯು ಒಲೆಗೆ ಹೋಗುವುದು. ಅನಿಲದ ಒಲೆಯು ೨೦೧೬ರ ಉಜ್ವಲಾ ಯೋಜನೆಯ ತರುವಾಯ ಅನೇಕ ಬಡವರ ಮನೆಗಳಿಗೂ ಬಂದಿದೆ. ಆದರೂ ಸ್ನಾನದ ನೀರಿನ ಹಂಡೆಯ ಕೆಳಗೆ ಕಟ್ಟಿಗೆಯೇ ಉರಿಯುತ್ತಿರುವುದನ್ನು ಈ ಮೂರು ಊರುಗಳಲ್ಲಿ ಯಾರಾದರೂ ಕಾಣಬಹುದು.

ಇಂಥ ಸ್ಥಳದಲ್ಲಿ ಬೀಜವಿಚಾರವು ನಿರುಪಯೋಗವೆಂದು ನನ್ನ ಮತವಲ್ಲ. ಹತ್ತಿಯ ಧೂಳಿನಲ್ಲಿ ಎಂಡೋಟಾಕ್ಸಿನ್ ಎಂಬ ರೋಗಾಣುಜನ್ಯವಾದ ವಿಷವಿರುವುದು. ಅದನ್ನು ಗುರುತಿಸುವ ಗ್ರಾಹಕವು ಟಿ.ಎಲ್.ಆರ್.೪ ಎಂದು ೧೯೯೮ರಲ್ಲಿ ತಿಳಿದುಬಂದಿತು. ಆ ಗ್ರಾಹಕದ ಜೀನಿನಲ್ಲಿ ಪಾಠಾಂತರವುಳ್ಳವರು ಉಸಿರಿನೊಡನೆ ಒಳಹೊಕ್ಕ ಆ ವಿಷಕ್ಕೆ ಬೇರೆ ರೀತಿಯಲ್ಲಿ ಪ್ರತಿಕ್ರಿಯಿಸುವರೆಂದು ೨೦೦೦ದಲ್ಲಿ ತೋರಿಸಿದರು. ಒಂದೇ ಕಾರ್ಖಾನೆಯಲ್ಲಿ ಒಂದೇ ಧೂಳನ್ನು ಕುಡಿದ ಇಬ್ಬರಲ್ಲಿ ಒಬ್ಬನು ಬಳಲುವುದಕ್ಕೂ ಒಬ್ಬನು ಬಳಲದಿರುವುದಕ್ಕೂ ಇಂಥ ಭೇದಗಳು ಕಾರಣವಾಗಬಹುದು. ಇಲ್ಲಿ ಧೂಳು ನಿಮಿತ್ತಕಾರಣ, ಪಾಠಾಂತರವು ಸಹಕಾರಿ. ಸಹಕಾರಿಯನ್ನು ಕಾಣಿಸಿದವನಿಗೆ ಮನ್ನಣೆಯು ಸಲ್ಲಲಿ. ಆದರೆ ನಿಮಿತ್ತವನ್ನು ಮರೆಯಿಸಕೂಡದು. ಕಾರ್ಖಾನೆಯ ಒಡೆಯನಿಗೆ ‘ಆನುವಂಶಿಕ’ವೆಂಬ ಶಬ್ದವು ಎಷ್ಟು ಅನುಕೂಲವಾದುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಕೃತಿಗಳಿಗೂ ಜೀನುಗಳಿಗೂ ಸಂಬಂಧವನ್ನು ಹುಡುಕಿದ ಪ್ರಯತ್ನಗಳನ್ನು ಕುರಿತು ಎರಡು ಮಾತು. ಹೈದರಾಬಾದಿನ ಕೋಶವಿಜ್ಞಾನ ಕೇಂದ್ರದವರೂ ಮಣಿಪಾಲದವರೂ ಇತರರೊಡನೆ ಸೇರಿ ೨೦೧೫ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಮ್ಮವರು ಪದೇ ಪದೇ ಉದಾಹರಿಸುವರು. ಮೂರು ಸಾವಿರದ ನಾನೂರಕ್ಕೂ ಹೆಚ್ಚು ಪುರುಷರನ್ನು ನೋಡಿ, ವೈದ್ಯರ ನಿರ್ಣಯವು ಒಂದಕ್ಕೊಂದು ಹೊಂದಿದವರಲ್ಲಿ ೨೬೨ ಮಂದಿಯ ಪಾಠಗಳನ್ನು ಓದಿ, ಪಿ.ಜಿ.ಎಂ.೧ ಎಂಬ ಜೀನು ಪಿತ್ತಪ್ರಕೃತಿಯೊಡನೆ ಸೇರಿಬರುವುದೆಂದು ಅದರಲ್ಲಿ ಹೇಳಿದೆ. ವಿಧಾನವು ಪ್ರಾಮಾಣಿಕವಾದುದು, ನಿರ್ಣಯವೂ ಮಿತವಾದುದು. ಕಫಪ್ರಕೃತಿಯವರಿಗೆ ಶ್ವಾಸರೋಗವು ಬೀಜಸಿದ್ಧವೆಂದು ಅದರಲ್ಲಿ ಎಲ್ಲಿಯೂ ಹೇಳಿಲ್ಲ. ಅದು ವ್ಯಾಧಿಯನ್ನೇ ವಿಷಯವಾಗಿ ಇಟ್ಟುಕೊಂಡಿರಲಿಲ್ಲ, ಸ್ತ್ರೀಯರೂ ಅದರಲ್ಲಿರಲಿಲ್ಲ. ಮೂಲವನ್ನು ಓದದೆ ಫಲಶ್ರುತಿಯನ್ನು ಮಾತ್ರ ಓದುವ ಅಭ್ಯಾಸವು ಪುರಾಣಶ್ರವಣದಲ್ಲಿ ಕ್ಷಮ್ಯವಾದರೂ ಶಾಸ್ತ್ರದಲ್ಲಿ ಕ್ಷಮ್ಯವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನ ಕೇಂದ್ರದ ನಾಯಕತ್ವದಲ್ಲಿ ಇಪ್ಪತ್ತು ಸಂಸ್ಥೆಗಳು ಕೂಡಿ ಸುಮಾರು ೧೦,೦೦೦ ಭಾರತೀಯರ ಬೀಜಪಾಠವನ್ನು ಸಂಪೂರ್ಣವಾಗಿ ಓದಿಸಿರುವರು; ಆ ದತ್ತಾಂಶವನ್ನು ೨೦೨೫ರ ಜನವರಿಯಲ್ಲಿ ಶೋಧಕರಿಗೆ ತೆರೆದಿಟ್ಟರು. ನಮ್ಮದೇ ಮೂಲಪ್ರತಿಗಳು ಕೈಗೆ ಬಂದಿರುವಾಗ ಐರೋಪ್ಯರ ಪ್ರತಿಯಿಂದ ನಮ್ಮ ಪಾಠವನ್ನು ಊಹಿಸುವ ಅಗತ್ಯವು ಕಡಿಮೆಯಾಗುವುದು.

ಹಳೆಯದಕ್ಕೂ ಹೊಸದಕ್ಕೂ ನಿಜವಾದ ಸೇತುವೆಯೇ ಇಲ್ಲವೇ ಎಂದರೆ, ಇದೆ. ಕಾಸಶ್ವಾಸಗಳಲ್ಲಿ ನಮ್ಮ ವೈದ್ಯರು ಕೊಡುತ್ತಿದ್ದ ಆಡುಸೋಗೆಯ ಸಾರವಾದ ವ್ಯಾಸಿಸೀನ್ ಎಂಬ ದ್ರವ್ಯದ ಮಾದರಿಯ ಮೇಲೆ ಬ್ರೋಮ್‌ಹೆಕ್ಸೀನನ್ನು ರಚಿಸಿದರು. ಅದರ ಪರಿಣಾಮರೂಪವಾದ ಆಂಬ್ರಾಕ್ಸೋಲ್ ಇಂದು ಪ್ರತಿಯೊಂದು ಔಷಧಾಲಯದಲ್ಲಿಯೂ ಕಫವನ್ನು ತೆಳುವಾಗಿಸುವುದಕ್ಕೆ ಮಾರಾಟವಾಗುವುದು. ಇದು ಪದಸಾಮ್ಯದಿಂದ ಕಟ್ಟಿದ ಸೇತುವೆಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದ ಜಗದ್ದಳ ಸೋಮನಾಥನ ಕಾಲದಿಂದಲೂ ವೈದ್ಯವನ್ನು ಹೇಳಿಕೊಂಡು ಬಂದ ಭಾಷೆಗೆ ಆಣ್ವಿಕಶಾಸ್ತ್ರವನ್ನು ಹೇಳುವ ಶಕ್ತಿಯಿಲ್ಲವೆಂದು ಯಾರೂ ಅನ್ನಲಾರರು.

ಆದುದರಿಂದ ಪರಿಭಾಷೆಯ ವಿಷಯದಲ್ಲಿ ನನ್ನ ಸೂಚನೆಗಳಿಷ್ಟು. ತಾಯಿತಂದೆಗಳಿಂದ ಮಕ್ಕಳಿಗೆ ಇಳಿದುಬಂದುದೆಂದು ಸಿದ್ಧವಾದ ರೋಗಗಳಿಗೆ ಮಾತ್ರ ‘ಆನುವಂಶಿಕ’ವೆನ್ನಬೇಕು. ಉಳಿದೆಡೆ ‘ಬೀಜಸಂಬಂಧಿ’ ಅಥವಾ ‘ಜೀನುಸಂಬಂಧಿ’ ಎನ್ನಬಹುದು. ಅಕ್ಷರಭೇದಕ್ಕೆ ‘ಪಾಠಾಂತರ’, ಜೀನಿನ ಕಾರ್ಯವ್ಯಕ್ತತೆಗೆ ‘ಪಠನ’. ‘ಅಣುಜೀವ’ವೆಂಬುದು ಕ್ರಿಮಿಗಳನ್ನು ನೆನಪಿಗೆ ತರುವುದರಿಂದ ಅದನ್ನು ಬಿಟ್ಟು ‘ಆಣ್ವಿಕ’ವೆಂದೇ ಹೇಳುವುದು ಲೇಸು. ರೋಗಿಗಳೊಡನೆ ಮಾತನಾಡುವಾಗ ತಮಕಶ್ವಾಸವೂ ಬೇಡ, ಸಿ.ಓ.ಪಿ.ಡಿ.ಯೂ ಬೇಡ, ದಮ್ಮು, ಉಬ್ಬಸ, ಗೂರಲು ಎಂಬುವು ನಮ್ಮ ಜನರ ಬಾಯಲ್ಲಿವೆ. ‘ಬಿಟ್ಟು ಬರುವ ದಮ್ಮು’, ‘ಬಿಡದ ದಮ್ಮು’ ಎಂದರೆ ಆಸ್ತಮಾ ಸಿ.ಓ.ಪಿ.ಡಿ.ಗಳ ಮುಖ್ಯಭೇದವೇ ಅವರಿಗೆ ತಿಳಿದುಹೋಗುವುದು.

ಬಳ್ಳಾರಿಯಲ್ಲಿ ೧೯೬೧ರಿಂದ ನಡೆದುಬಂದ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯವೂ, ಪಂಡಿತ ತಾರಾನಾಥರ (೧೮೯೧–೧೯೪೨) ಹೆಸರನ್ನು ಹೊತ್ತ ಆಯುರ್ವೇದ ಮಹಾವಿದ್ಯಾಲಯವೂ ಇರುವುವು. ಇಬ್ಬರ ಬಾಗಿಲಿಗೂ ಬರುವವರು ಸಿರುಗುಪ್ಪ ಕುರುಗೋಡುಗಳ ಅದೇ ಜನ. ಇಬ್ಬರೂ ಒಂದೇ ಕನ್ನಡ ಪ್ರಶ್ನಾವಳಿಯನ್ನು ಸಿದ್ಧಪಡಿಸಿಕೊಂಡರೆ ಮೈಸೂರಿನ ಲೆಕ್ಕದೊಡನೆ ಬಳ್ಳಾರಿಯದನ್ನೂ ಹೋಲಿಸಬಹುದು. ಅದರಲ್ಲಿ ‘ಮನೆತನದಲ್ಲಿ ಯಾರಿಗಾದರೂ ದಮ್ಮು ಇತ್ತೇ?’ ಎಂಬ ಪ್ರಶ್ನೆಯಿರುವ ಸಾಲಿನಲ್ಲಿಯೇ, ಹುಟ್ಟಿದ ಮನೆ ಯಾವುದು, ಕೊಟ್ಟ ಮನೆ ಯಾವುದು, ಯಾವ ಉರುವಲು, ದಿನಕ್ಕೆ ಎಷ್ಟು ಗಂಟೆ, ಎಷ್ಟು ವರ್ಷ ಎಂಬ ಐದು ಅಂಕಣಗಳನ್ನು ಗೆರೆಹಾಕಿ ಬಿಡಬೇಕು.